ಸೇಂಟ್ ಆಬಿನ್ ಪೂರ್ವದ ಎರಡು ಮತ

ಟಿಣ್.

ಬೇರೆ ಬೇರೆ ಕುಳಿತ ಇಬ್ಬರು ಒಂದೇ ಅಂಕಿಯನ್ನು ಒತ್ತಿದಾಗ ಆ ಕಚೇರಿಯ ಕಂಪ್ಯೂಟರು ಮಾಡುತ್ತಿದ್ದ ಸದ್ದು ಅದು. ಸ್ಟೀಲ್ ಲೋಟಕ್ಕೆ ಉಗುರು ತಾಗಿದಷ್ಟು ಸಣ್ಣದು. ಅಂಕಿಗಳು ಬೇರೆಯಾದರೆ ಸದ್ದೂ ಬೇರೆ. ಮರದ ಹಲಗೆಗೆ ಗುದ್ದಿದ ಹಾಗೆ, ಧಬ್. ಇಂದಿರಾನಗರದ ಅಡ್ಡರಸ್ತೆಯೊಂದರ ಮೂರನೆಯ ಮಹಡಿಯಲ್ಲಿ, ಕೆಳಗಿನ ನಾಯಿಗಳ ಸಲೂನಿನಿಂದ ಶಾಂಪೂವಿನ ವಾಸನೆ ಮೇಲೇರಿ ಬರುತ್ತಿದ್ದ ಜಾಗದಲ್ಲಿ, ವೆಂಕಟಸ್ವಾಮಿ ಬೆಳಗ್ಗೆ ಒಂಬತ್ತೂವರೆಯಿಂದ ಸಂಜೆ ಆರರವರೆಗೆ ಈ ಎರಡು ಸದ್ದುಗಳ ನಡುವೆ ಬದುಕುತ್ತಿದ್ದರು.

ಕೆಲಸ ಸರಳ. ಯಾವುದೋ ದೇಶದ ಹಳೆಯ ಕಾಗದಗಳ ಚಿತ್ರಗಳು ಪರದೆಯ ಮೇಲೆ ಬರುತ್ತವೆ. ನೋಡಿ ಟೈಪ್ ಮಾಡಬೇಕು. ಒಂದೇ ಪುಟವನ್ನು ಇಬ್ಬರು ಮಾಡಬೇಕು. ಒಬ್ಬರು ಹೊಡೆದದ್ದನ್ನು ಇನ್ನೊಬ್ಬರು ನೋಡಕೂಡದು, ಕೇಳಕೂಡದು. ಇಬ್ಬರು ಬೇರೆ ಬೇರೆ ಮನುಷ್ಯರು ಒಂದೇ ಜಾಗದಲ್ಲಿ ಒಂದೇ ತಪ್ಪು ಮಾಡುವುದು ಅಪರೂಪ ಎಂಬ ನಂಬಿಕೆಯ ಮೇಲೆ ಆ ಕಚೇರಿ ನಿಂತಿತ್ತು. ಅಂಕಿ ತಾಳೆಯಾದರೆ ಪುಟ ಮುಂದಕ್ಕೆ ಹೋಗುತ್ತದೆ, ಮತ್ತೆ ಯಾರೂ ಅದನ್ನು ನೋಡುವುದಿಲ್ಲ. ತಾಳೆಯಾಗದಿದ್ದರೆ ಅಂಕಿಯ ಸುತ್ತ ಕೆಂಪು ಚೌಕ ಬೀಳುತ್ತದೆ, ಇಬ್ಬರೂ ಇನ್ನೊಮ್ಮೆ ನೋಡಬೇಕು. ಆಗಲೂ ಆಗದಿದ್ದರೆ ಮೂರನೆಯವರ ಮೇಜಿಗೆ. ಓದಲು ಬಾರದ ಅಂಕಿಗೆ ‘ಸಂದೇಹ’ ಎಂಬ ಒಂದು ಕೀಲಿಯೂ ಇತ್ತು.

ಆ ಕೀಲಿಯನ್ನು ಒತ್ತುವುದು ವೆಂಕಟಸ್ವಾಮಿಯವರಿಗೆ ಇಷ್ಟವಿರಲಿಲ್ಲ. ಅರವತ್ತೊಂದರ ವಯಸ್ಸು, ಅದರಲ್ಲಿ ಇಪ್ಪತ್ತೇಳು ವರ್ಷ ಶಿವಾಜಿನಗರ ಬಸ್ ನಿಲ್ದಾಣದ ಹಿಂದಿದ್ದ ಮುದ್ರಣಾಲಯವೊಂದರಲ್ಲಿ ಕರಡು ತಿದ್ದಿದವರು. ಚರ್ಚಿನ ಪತ್ರಿಕೆ, ಮದುವೆಯ ಕಾಗದ, ಚುನಾವಣೆ ಬಂದಾಗ ಮತದಾರರ ಪಟ್ಟಿ, ಎಲ್ಲವೂ ಅವರ ಕಣ್ಣಿನ ಕೆಳಗೆ ಹಾದು ಹೋಗುತ್ತಿದ್ದವು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಕರಡಿನಲ್ಲಿ ಇಂಗ್ಲಿಷ್. ಮೂರರಲ್ಲೂ ಅವರು ಮಿತಭಾಷಿ. ಆದರೆ ಓದಲು ಕುಳಿತರೆ ಅವರ ದನಿ ಬೇರೆಯೇ ಆಗುತ್ತಿತ್ತು.

ಆ ಕಾಲದ ಪದ್ಧತಿ ಹಾಗಿತ್ತು. ಒಬ್ಬ ಮೂಲ ಪ್ರತಿಯನ್ನು ಹಿಡಿದು ಗಟ್ಟಿಯಾಗಿ ಓದಬೇಕು, ಇನ್ನೊಬ್ಬ ಕರಡಿನ ಮೇಲೆ ಕಣ್ಣಿಟ್ಟು ಕೇಳಬೇಕು. ಕಾಮಾ ಬಂದರೆ ಕಾಮಾ ಎನ್ನಬೇಕು. ಓದುವವರು ವೆಂಕಟಸ್ವಾಮಿ, ಕೇಳುವವರು ಪುಲಿಕೇಶಿನಗರದ ಲತೀಫ್. ಮಸುಕಾದ ಅಕ್ಷರ ಬಂದಾಗ ಲತೀಫ್ ತಲೆಯೆತ್ತುತ್ತಿದ್ದರು. ವೆಂಕಟಸ್ವಾಮಿ ಒಮ್ಮೆ ಕನ್ನಡಕ ಸರಿಪಡಿಸಿಕೊಂಡು ಹೇಳುತ್ತಿದ್ದರು. ಹೇಳಿದರೆ ಮುಗಿಯಿತು. ಲತೀಫ್ ಬರೆದುಕೊಳ್ಳುತ್ತಿದ್ದರು. ಒಬ್ಬರಿಗೊಬ್ಬರು ಕೇಳಿಸಿಕೊಳ್ಳುವುದೇ ಅಲ್ಲಿ ನಿಯತ್ತು. ಮುದ್ರಣಾಲಯ ಮುಚ್ಚಿತು. ಲತೀಫ್ ತೀರಿಕೊಂಡು ಮೂರು ವರ್ಷವಾಯಿತು.

ಲತೀಫರ ಮಗಳು ಜಹನಾರಾ ಗಂಡನ ಮನೆ ಬಿಟ್ಟು ಮಗಳೊಂದಿಗೆ ತಾಯಿಯ ಬಳಿಗೆ ಬಂದಾಗ ಅವಳನ್ನು ಈ ಕಚೇರಿಗೆ ಕರೆತಂದವರು ವೆಂಕಟಸ್ವಾಮಿಯೇ. “ಲತೀಫನ ಮಗಳು, ಕಣ್ಣು ಚುರುಕು,” ಎಂದು ಅವರೇ ಹೇಳಿ ಸೇರಿಸಿದರು. ಮೂವತ್ತಮೂರರ ಜಹನಾರಾ ಅವರ ಜೋಡಿಯಾದಳು. ಇಬ್ಬರ ನಡುವೆ ಮೊಳದೆತ್ತರದ ಒಂದು ನೀಲಿ ಹಲಗೆ. ಜನರ ಮುಂದೆ ಅವಳು ಅವರನ್ನು ಸಾರ್ ಎನ್ನುತ್ತಿದ್ದಳು. ಯಾರೂ ಇಲ್ಲದಾಗ ಮಾಮು.

ಮೊದಲ ವಾರ ಅವಳಿಗೆ ಕೈಬರಹ ಓದಲು ಬರಲಿಲ್ಲ. ಧಬ್, ಧಬ್ ಎಂದು ಹಲಗೆಯ ಆಚೆಯಿಂದ ಸದ್ದು ಬರುತ್ತಲೇ ಇತ್ತು.

“ಸಾರ್, ಈ ಮನುಷ್ಯ ಬರ್ದಿರೋದು ಅಂಕಿನಾ, ಇರುವೆ ನಡೆದ ದಾರಿನಾ?”

“ನಿಧಾನ ತಾಯಿ. ಒಂದು ಪುಟ ಪೂರ್ತಿ ಸುಮ್ನೆ ನೋಡು. ಇವನು ಏಳನ್ನ ಹೇಗೆ ಬರೀತಾನೆ, ಒಂಬತ್ತರ ಬಾಲ ಎಷ್ಟುದ್ದ ಬಿಡ್ತಾನೆ. ಮನುಷ್ಯನ ಪರಿಚಯ ಮಾಡ್ಕೊ. ಆಮೇಲೆ ಹೊಡಿ.”

“ಸತ್ತು ಹೋಗಿರೋ ಗುಮಾಸ್ತನ ಪರಿಚಯ ಮಾಡ್ಕೊಂಡು ನಾನೇನು ನಿಕಾಹ್ ಆಗ್ಬೇಕಾ?”

ಆದರೂ ಮಾಡಿಕೊಂಡಳು. ಅವಳು ಕಲಿಯುವವರೆಗೆ ಅಂತ ವೆಂಕಟಸ್ವಾಮಿ ಮೆಲುದನಿಯಲ್ಲಿ ಅಂಕಿಗಳನ್ನು ಓದತೊಡಗಿದರು. ಕಲಿತ ಮೇಲೂ ಅದು ನಿಲ್ಲಲಿಲ್ಲ. ಹಲಗೆಯ ಈಚೆ ಅವರ ತುಟಿ ಅಲುಗುತ್ತಿತ್ತು, ಆಚೆ ಅವಳ ಬೆರಳು. ಟಿಣ್, ಟಿಣ್, ಟಿಣ್. ಇಡೀ ಮಹಡಿಯಲ್ಲಿ ಇಷ್ಟು ಕಡಿಮೆ ಕೆಂಪು ಚೌಕ ಬೀಳುತ್ತಿದ್ದ ಜೋಡಿ ಇನ್ನೊಂದಿರಲಿಲ್ಲ. ತಂಡದ ಮುಖ್ಯಸ್ಥ ಗುರುಕಿರಣ, ಗದಗಿನ ಕಡೆಯ ಇಪ್ಪತ್ತೊಂಬತ್ತರ ಹುಡುಗ, ಗೋಡೆಯ ಮೇಲೆ ಅವರಿಬ್ಬರ ಹೆಸರು ಬರೆಸಿದ್ದ. ನಿಯಮ ಮುರಿಯುತ್ತಿದ್ದೇವೆ ಎಂದು ವೆಂಕಟಸ್ವಾಮಿಯವರಿಗೆ ಅನಿಸಲೇ ಇಲ್ಲ. ಅವರ ಲೆಕ್ಕದಲ್ಲಿ ಅದು ಕಸುಬು.

ಆ ವರ್ಷ ಬಂದದ್ದು ಕೆರಿಬಿಯನ್ ಸಮುದ್ರದ ಒಂದು ಸಣ್ಣ ದ್ವೀಪದೇಶದ ಚುನಾವಣಾ ದಾಖಲೆ. ಕ್ಷೇತ್ರಕ್ಕೊಂದು ಕಟ್ಟು. ಇವರ ಪಾಲಿಗೆ ಬಂದ ಕಟ್ಟಿನ ಮೇಲೆ ‘ಸೇಂಟ್ ಆಬಿನ್ ಪೂರ್ವ’ ಎಂದಿತ್ತು. ಎಲ್ಲರಿಗೂ ಮತದಾನದ ಹಕ್ಕು ಬಂದ 1951ರಿಂದ ಇಂದಿನವರೆಗೆ ಆ ಕ್ಷೇತ್ರದಲ್ಲಿ ಯಾರು ನಿಂತರು, ಯಾರು ಗೆದ್ದರು, ಯಾವ ಮತಗಟ್ಟೆಯಲ್ಲಿ ಎಷ್ಟು. ಆರು ಮತಗಟ್ಟೆಗಳು. ಹಳೆಯ ಸಕ್ಕರೆ ಗಿರಣಿ, ಸುಣ್ಣದ ಗೂಡು, ಮೆಥಡಿಸ್ಟ್ ಶಾಲೆ, ಹೀಗೆ ಹೆಸರುಗಳು. ಒಂದು ವರ್ಷ ಬಿರುಗಾಳಿಗೆ ಸಿಕ್ಕಿ ಒಂದು ಪೆಟ್ಟಿಗೆ ಎರಡು ದಿನ ತಡವಾಗಿ ದೋಣಿಯಲ್ಲಿ ಬಂದಿತ್ತು. ಗುಮಾಸ್ತ ಅದನ್ನು ಅಂಚಿನಲ್ಲಿ ಬರೆದು, ‘ಒದ್ದೆ, ಆದರೆ ಬೀಗ ಭದ್ರ’ ಎಂದು ಸೇರಿಸಿದ್ದ. ಅದನ್ನು ಓದಿದ ದಿನ ವೆಂಕಟಸ್ವಾಮಿ ಊಟದ ಹೊತ್ತಿನಲ್ಲೂ ನಗುತ್ತಿದ್ದರು.

ಆ ಗುಮಾಸ್ತನ ಕೈ ಅವರಿಗೆ ಬಹಳ ಬೇಗ ಪರಿಚಯವಾಯಿತು. ಅವನ ಮೂರರ ತಲೆ ಚಪ್ಪಟೆ, ಮೇಲೆ ಗೆರೆ ಎಳೆದ ಹಾಗೆ. ಅವನ ಎಂಟರ ತಲೆ ದುಂಡಗೆ, ಸೊಂಟ ಸಣ್ಣ.

ಮೊದಲ ಪುಟದಲ್ಲೇ ಒಂದು ಹೆಸರು ಸಿಕ್ಕಿತ್ತು. ಎಚ್. ಮೂನ್‌ಸಾಮಿ.

“ನೋಡ್ದ್ಯಾ ಜಹನ್? ಮುನಿಸಾಮಿ. ನಮ್ಮ ಕಡೆಯಿಂದ ಕಬ್ಬಿನ ಗದ್ದೆಗೆ ಅಂತ ಹಡಗಿನಲ್ಲಿ ಹೋದವರ ಮನೆತನ. ಬರೆಯೋನು ತನ್ನ ಬಾಯಿಗೆ ಬಂದ ಹಾಗೆ ಬರ್ಕೊಂಡಿದ್ದಾನೆ.”

“ನಿಮ್ಮ ಅಪ್ಪನ ಹೆಸರಲ್ವಾ ಅದು?”

“ಹೂಂ.”

1951ರಲ್ಲಿ ಮೂನ್‌ಸಾಮಿಗೆ ಇನ್ನೂರ ಹನ್ನೆರಡು ಮತ ಬಿದ್ದಿದ್ದವು. 1956ರಲ್ಲಿ ಒಂಬೈನೂರ ನಲವತ್ತು. ವೆಂಕಟಸ್ವಾಮಿ ಅಂಕಿ ಓದುವುದನ್ನು ಬಿಟ್ಟು ಮನುಷ್ಯನನ್ನು ಹಿಂಬಾಲಿಸತೊಡಗಿದ್ದರು. ಸಂಜೆ ಬಸ್ಸಿನಲ್ಲಿ ಹಲಸೂರಿಗೆ ಹೋಗುವಾಗ ಇನ್ನೂ ತೆರೆಯದ 1961ರ ಪುಟ ಅವರ ತಲೆಯಲ್ಲಿರುತ್ತಿತ್ತು.

ಅದಕ್ಕೆ ಕಾರಣವಿತ್ತು. ಅವರ ತಂದೆ ಮುನಿಸಾಮಿ ಕಂಟೋನ್ಮೆಂಟ್ ರೈಲು ನಿಲ್ದಾಣದ ಕೂಲಿ. ಎಪ್ಪತ್ತರ ದಶಕದ ಮೊದಲಲ್ಲಿ, ಕೇರಿಗೆ ಎರಡನೆಯ ನಲ್ಲಿ ಬೇಕೆಂದು ಕೇಳಿ ಕೇಳಿ ಸಾಕಾಗಿ, ಕಾರ್ಪೊರೇಷನ್ ಚುನಾವಣೆಗೆ ಪಕ್ಷೇತರನಾಗಿ ನಿಂತುಬಿಟ್ಟರು. ಗುರುತು ಕತ್ತರಿ. ಕೆಂಪು ಅಂಗಿಯಲ್ಲೇ ಮನೆ ಮನೆಗೆ ಹೋಗಿ ಕೈಮುಗಿದರು. ಎಣಿಕೆಯ ದಿನ ಎಂಟು ವರ್ಷದ ವೆಂಕಟಸ್ವಾಮಿ ಅವರ ಹೆಗಲ ಮೇಲಿದ್ದ. ಕತ್ತರಿಗೆ ಬಿದ್ದದ್ದು ಹನ್ನೊಂದು ಮತ. ಅವರ ಮನೆಯಲ್ಲಿ, ಅಕ್ಕಪಕ್ಕದ ದಾಯಾದಿ ಮನೆಗಳಲ್ಲಿ ಸೇರಿ ಮತದಾರರು ಹದಿನೇಳು ಜನ. ಶಾಲೆಯಲ್ಲಿ ಹುಡುಗರು ಅವನನ್ನು ಎರಡು ವರ್ಷ ‘ಹನ್ನೊಂದು’ ಎಂದು ಕರೆದರು. ಮಾಸ್ತರು ಹಾಜರಿ ಕರೆಯುವಾಗ ಹನ್ನೊಂದನೆಯ ಹೆಸರು ಬಂದರೆ ಇಡೀ ತರಗತಿ ಅವನತ್ತ ತಿರುಗುತ್ತಿತ್ತು.

1961ರ ಪುಟ ಬಂದದ್ದು ಒಂದು ಮಂಗಳವಾರ, ಊಟವಾದ ಮೇಲೆ. ಗೆದ್ದವರ ಹೆಸರು ಬರೆದಿದ್ದ ಕೆಳಗಿನ ಭಾಗವನ್ನು ಹುಳ ತಿಂದಿತ್ತು. ಕ್ಲೆಮೆಂಟ್ ಬ್ರಾತ್‌ವೇಟ್, 1,615. ಸ್ಪಷ್ಟವಾಗಿತ್ತು. ಕೆಳಗೆ ಎಚ್. ಮೂನ್‌ಸಾಮಿ, 1,61. ಕೊನೆಯ ಅಂಕಿಯ ಮೇಲೆ ನೀರಿನ ಕಲೆ.

ವೆಂಕಟಸ್ವಾಮಿ ಪರದೆಯ ಹತ್ತಿರ ಬಾಗಿದರು. ಅಂಕಿಯ ಹೊಟ್ಟೆಯ ಭಾಗ ಕಲೆಯಲ್ಲಿ ಮುಳುಗಿತ್ತು. ತಲೆ ಕಾಣುತ್ತಿತ್ತು. ತಲೆ ಚಪ್ಪಟೆ.

ಅವರು ನೋಡಿದರು. ನೋಡಿದ್ದು ನಿಜ. ಅದೊಂದು ಕ್ಷಣ ‘ಸಂದೇಹ’ದ ಕೀಲಿಯ ಮೇಲೆ ಬೆರಳೂ ಹೋಯಿತು. ಮುಂದಿನ ಪುಟದಲ್ಲಿ ಆರು ಮತಗಟ್ಟೆಗಳ ಅಂಕಿಗಳು ಪ್ರತ್ಯೇಕವಾಗಿ ಇರುತ್ತವೆಂದು ಅವರಿಗೆ ಗೊತ್ತಿತ್ತು. ಕೂಡಿಸಿ ನೋಡಿದರೆ ಎರಡು ನಿಮಿಷದ ಕೆಲಸ. ಇಪ್ಪತ್ತೇಳು ವರ್ಷ ಅವರು ಯಾವ ಕೋಷ್ಟಕವನ್ನೂ ಕೂಡಿಸದೆ ಬಿಟ್ಟವರಲ್ಲ. ಅಂದು ಕೂಡಿಸಲಿಲ್ಲ. ಎಂಟು ಎಂದು ಒತ್ತಿದರು. ಮೂನ್‌ಸಾಮಿ ಮೂರು ಮತಗಳಿಂದ ಗೆದ್ದ.

ಧಬ್.

ಹಲಗೆಯ ಮೇಲೆ ಜಹನಾರಾಳ ಹಣೆ, ಕಣ್ಣು ಕಾಣಿಸಿದವು. “ಸಾರ್, ಕೊನೇದು ಮೂರಾ, ಎಂಟಾ? ನಂಗೆ ಮೂರು ಅನ್ಸತ್ತೆ.”

“ಎಂಟು, ತಾಯಿ.”

ಅವಳು ಇನ್ನೊಮ್ಮೆ ತನ್ನ ಪರದೆಯತ್ತ ನೋಡಿದಳು. ಆಮೇಲೆ ಹಣೆ ಕೆಳಗಿಳಿಯಿತು. ಟಿಣ್.

ಮರುದಿನ ಬೆಳಗ್ಗೆ ಮತಗಟ್ಟೆಗಳ ಪುಟ ಬಂತು. ವೆಂಕಟಸ್ವಾಮಿ ಬೇಡ ಬೇಡವೆಂದುಕೊಂಡೇ ಊಟದ ಡಬ್ಬಿ ಸುತ್ತಿದ್ದ ಪತ್ರಿಕೆಯ ಅಂಚಿನಲ್ಲಿ ಕೂಡಿಸಿದರು. ನಾನೂರ ಎರಡು, ಮುನ್ನೂರ ಹದಿನೆಂಟು, ಇನ್ನೂರ ಎಂಬತ್ತೇಳು, ತೊಂಬತ್ತಾರು, ಇನ್ನೂರ ಐವತ್ತೊಂದು, ಇನ್ನೂರ ಐವತ್ತೊಂಬತ್ತು. ಒಂದು ಸಾವಿರದ ಆರುನೂರ ಹದಿಮೂರು. ಮೇಲಿಂದ ಕೆಳಕ್ಕೆ ಕೂಡಿಸಿದರು, ಕೆಳಗಿನಿಂದ ಮೇಲಕ್ಕೆ ಕೂಡಿಸಿದರು. ಹದಿಮೂರೇ.

ಎದ್ದು ಗುರುಕಿರಣನಿಗೆ ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪುಟ ವಾಪಸು ಬರುತ್ತಿತ್ತು, ಅಷ್ಟೆ. ಆದರೆ ಗೋಡೆಯ ಮೇಲೆ ಅವರ ಹೆಸರಿತ್ತು. ವೆಂಕಟ್ ಸರ್ ಪುಟ ವಾಪಸು ಬಂದ ದಿನ ಕಚೇರಿಗೆ ರಜೆ ಕೊಡಬೇಕು ಎಂದು ಹುಡುಗರು ತಮಾಷೆ ಮಾಡುತ್ತಿದ್ದರು. ನಾಳೆ ಹೇಳೋಣ ಅಂದುಕೊಂಡರು. ನಾಳೆ ಹೇಳಿದರೆ ಇವತ್ತೇಕೆ ಹೇಳಲಿಲ್ಲ ಎಂದು ಕೇಳುತ್ತಾರೆ. ನಾಡಿದ್ದಿನ ಹೊತ್ತಿಗೆ ಅದು ಇನ್ನೂ ಕಷ್ಟವಾಯಿತು. ಪತ್ರಿಕೆಯ ಆ ಅಂಚನ್ನು ಹರಿದು, ಚೂರು ಮಾಡಿ, ಹಲಸೂರು ಕೆರೆಯ ಬೇಲಿಯ ಪಕ್ಕದ ಕಸದ ತೊಟ್ಟಿಗೆ ಹಾಕಿದರು. ಯಾರೂ ನೋಡುತ್ತಿರಲಿಲ್ಲ. ಆದರೂ ಕದ್ದವರ ಹಾಗೆ ಆಚೀಚೆ ನೋಡಿದರು. 1966ರ ಪುಟದಲ್ಲಿ ಮೂನ್‌ಸಾಮಿಯ ಹೆಸರೇ ಇರಲಿಲ್ಲ.

ಎರಡು ತಿಂಗಳ ನಂತರ ಆ ದಾಖಲೆಗಳು ಜಾಲತಾಣದಲ್ಲಿ ಪ್ರಕಟವಾದವು. ಇನ್ನೊಂದು ತಿಂಗಳಿಗೆ ಪತ್ರ ಬಂತು.

ಒಂದು ಸೋಮವಾರ ಗುರುಕಿರಣ ಇಬ್ಬರನ್ನೂ ಗಾಜಿನ ಕೋಣೆಗೆ ಕರೆದು ಲ್ಯಾಪ್‌ಟಾಪನ್ನು ಅವರತ್ತ ತಿರುಗಿಸಿದ. “ಓದ್ರಿ. ಕ್ಲೈಂಟ್ ಫಾರ್ವರ್ಡ್ ಮಾಡ್ಯಾರ.”

ಬರೆದವರು ಎಪ್ಪತ್ತೆಂಟು ವರ್ಷದ ಒಬ್ಬ ಹೆಂಗಸು, ಬ್ರಾತ್‌ವೇಟನ ಮಗಳು. ವೆಂಕಟಸ್ವಾಮಿ ತುಟಿ ಅಲುಗಿಸುತ್ತ ಓದಿದರು. ನನ್ನ ತಂದೆ ಕಬ್ಬಿನ ತೂಕದ ಗುಮಾಸ್ತ, ಎಂದು ಆಕೆ ಬರೆದಿದ್ದರು. ಅವರ ಜೀವನದಲ್ಲಿ ಒಂದು ಮನೆ, ಒಂದು ಸೈಕಲ್ಲು, ಒಂದು ಗೆಲುವು. ಎರಡು ಮತಗಳ ಗೆಲುವು. ಊರಿನವರು ಅವರನ್ನು ‘ಎರಡು ಮತ’ ಎಂದೇ ಕೂಗುತ್ತಿದ್ದರು. ಕೂಗಿದಾಗಲೆಲ್ಲ ಅವರು ಟೋಪಿ ತೆಗೆಯುತ್ತಿದ್ದರು. ನನ್ನ ಮೊಮ್ಮಗಳು ಅವರ ಬಗ್ಗೆ ತಾನೇ ಬರೆದುಕೊಂಡು ಹೋಗಿ ಶಾಲೆಯಲ್ಲಿ ಓದಿದಳು. ಟೀಚರು ನಿಮ್ಮ ಪುಟ ತೆರೆದು, ಇಲ್ಲ, ಇವರು ಸೋತವರು ಎಂದರು. ಮಗು ತರಗತಿಯ ಮುಂದೆ ಸುಳ್ಳುಗಾರ್ತಿಯಾಯಿತು. ಸೋತ ಮಿಸ್ಟರ್ ಮೂನ್‌ಸಾಮಿ ಮರುದಿನವೇ ನಮ್ಮ ಮನೆಗೆ ಬಂದು ತಂದೆಯ ಕೈಕುಲುಕಿ ಚಹಾ ಕುಡಿದು ಹೋಗಿದ್ದರು. ನೀವು ಕೊಟ್ಟ ಈ ಗೆಲುವನ್ನು ಅವರು ಬದುಕಿದ್ದರೆ ಮುಟ್ಟುತ್ತಿರಲಿಲ್ಲ.

ಕೊನೆಯ ಸಾಲನ್ನು ವೆಂಕಟಸ್ವಾಮಿ ಎರಡು ಸಲ ಓದಿದರು.

“ಪೇಜ್ ಆಗ್ಲೇ ಸರಿ ಮಾಡಿಸೀನಿ,” ಎಂದ ಗುರುಕಿರಣ. “ಪ್ರಶ್ನೆ ಅದಲ್ಲ. ಲಾಗ್ ತಗಿಸಿದೆ, ಯಾರು ಯಾವಾಗ ಏನು ಹೊಡದ್ರು ಅನ್ನೋ ದಾಖಲೆ. ಜಹನಾರಾ ಮೇಡಂ, ಮೊದ್ಲು ನೀವು ಹೊಡದಿದ್ದು ಮೂರು. ಕರೆಕ್ಟ್ ಇತ್ತು. ನಲವತ್ತು ಸೆಕೆಂಡ್ ಆದ ಮ್ಯಾಲೆ ಅದನ್ನ ಎಂಟು ಮಾಡೀರಿ. ಯಾಕ?”

ಜಹನಾರಾ ಒಮ್ಮೆ, ಒಂದೇ ಒಮ್ಮೆ, ವೆಂಕಟಸ್ವಾಮಿಯವರತ್ತ ನೋಡಿದಳು. “ಇನ್ನೊಂದ್ಸಲ ನೋಡ್ದೆ. ಎಂಟು ಥರ ಕಾಣಿಸ್ತು.”

“ಯಾರರ ಹೇಳಿದ್ರೇನು?”

ಅವಳು ಮೇಜಿನ ಮೇಲಿದ್ದ ನೀರಿನ ಬಾಟಲಿ ತೆಗೆದು ಮುಚ್ಚಳ ತಿರುಗಿಸಿದಳು. ಒಂದು ಗುಟುಕು ಕುಡಿದಳು. ಮತ್ತೆ ಮುಚ್ಚಳ ಹಾಕಿದಳು. ಅದಕ್ಕೆಲ್ಲ ಬಹಳ ಹೊತ್ತು ಹಿಡಿಯಿತು.

“ಇಲ್ಲ.”

“ವೆಂಕಟ್ ಸರ್, ನಿಮ್ದು ಮೊದಲಿಂದ ಎಂಟೇ ಐತಿ. ನಿಮಗ ಹಂಗ ಕಾಣಿಸ್ತಾ?”

“ನನಗೆ ಕಂಡಿದ್ದನ್ನ ಹೊಡೆದೆ,” ಎಂದರು ವೆಂಕಟಸ್ವಾಮಿ.

ಬಾಯಿಂದ ಬಂದ ಮೇಲೆ ಅದು ಯಾರದೋ ದನಿಯ ಹಾಗೆ ಕೇಳಿಸಿತು. ಗುರುಕಿರಣ ತಲೆಯಾಡಿಸಿದ. “ನಿಮ್ಮ ಮ್ಯಾಲೆ ನನಗ ಡೌಟೇ ಇಲ್ಲ ಸರ್. ಕಲೆ ಐತಿ, ವಯಸ್ಸೈತಿ, ಕಣ್ಣು ಮೋಸ ಮಾಡ್ತದ. ಆದ್ರ ಸರಿ ಇದ್ದದ್ದನ್ನ ತಿದ್ದಿ ತಪ್ಪು ಮಾಡೋದಕ್ಕ ಕ್ಲೈಂಟ್ ಬ್ಯಾರೇನೇ ಹೆಸರಿಡ್ತಾರ. ಎಲೆಕ್ಷನ್ ರಿಸಲ್ಟ್ ಇದು. ಮೇಡಂ, ಶುಕ್ರವಾರ ಸಂಜಿ ಐದಕ್ಕ ರಿಪೋರ್ಟ್ ಕಳಸ್ತೀನಿ, ತಿದ್ದಿದವರನ್ನ ತೆಗೆದೀವಿ ಅಂತ. ಅಲ್ಲೀತನಕ ನೀವು ಮನಿಯಾಗ ಇರ್ರಿ.”

ಅವಳು ತನ್ನ ಚೀಲ ತೆಗೆದುಕೊಂಡು ಹೋದಳು. ಆ ನಾಲ್ಕು ದಿನ ಹಲಗೆಯ ಆಚೆ ಬೇರೊಬ್ಬ ಹುಡುಗಿ ಕುಳಿತಳು. ವೆಂಕಟಸ್ವಾಮಿ ಬಾಯಿ ಮುಚ್ಚಿಕೊಂಡು ಟೈಪ್ ಮಾಡಿದರು. ಊಟದ ಡಬ್ಬಿಯನ್ನು ತೆರೆಯದೆ ಮನೆಗೆ ವಾಪಸು ಒಯ್ದರು. ಲತೀಫರ ನೆನಪು ಬಂದಾಗ ಅವರು ಬೇಗನೆ ಬೇರೆ ಏನನ್ನಾದರೂ ಯೋಚಿಸುತ್ತಿದ್ದರು. ಗೆಳೆಯನ ಮುಖವನ್ನು ಮನಸ್ಸಿನಲ್ಲೂ ಎದುರಿಸಲಾಗದ ಸ್ಥಿತಿಗೆ ಅವರು ಬಂದಿದ್ದರು.

ಶುಕ್ರವಾರ ಅರ್ಧ ದಿನ ರಜೆ ಹಾಕಿದರು. ಮನೆಗೆ ಬಂದರೆ ತಾಯಿ ಚಿಕ್ಕಮುನಿಯಮ್ಮ ಬಾಗಿಲಲ್ಲಿ ಕುಳಿತು ದಂಟಿನ ಸೊಪ್ಪು ಬಿಡಿಸುತ್ತಿದ್ದಳು. ಎಂಬತ್ತನಾಲ್ಕು ವರ್ಷ. ಕಿವಿ ಚೆನ್ನಾಗಿತ್ತು, ನಾಲಿಗೆ ಅದಕ್ಕಿಂತ ಚೆನ್ನಾಗಿತ್ತು.

“ಏನೋ, ಮಧ್ಯಾಹ್ನಕ್ಕೇ ಓಡಿಸಿದ್ರಾ?”

ಅವರು ಅವಳ ಪಕ್ಕ ಕುಳಿತು ಒಂದು ದಂಟು ಕೈಗೆತ್ತಿಕೊಂಡರು. “ಅಮ್ಮ, ಅಪ್ಪ ನಿಂತಿದ್ನಲ್ಲ, ಕತ್ತರಿ ಗುರುತಿಗೆ. ಆವಾಗ ನೀನು ಅಪ್ಪಂಗೇ ಹಾಕಿದ್ಯಾ?”

“ಯಾರಿಗೆ ಹಾಕಿದೆ ಅಂತ ಹೇಳ್ಬಾರ್ದು ಅಂತ ಕಾನೂನಿಲ್ವಾ?”

“ಐವತ್ತು ವರ್ಷ ಆಯ್ತು ಬಿಡಮ್ಮ.”

“ಕಾನೂನು ಏನು ಮೊಸರಾ, ಹಳೇದಾದ್ರೆ ಹುಳಿಯಾಗಕ್ಕೆ?” ಅವಳು ಬಿಡಿಸಿದ ಸೊಪ್ಪನ್ನು ಮೊರಕ್ಕೆ ಹಾಕಿದಳು. “ಹಾಕ್ಲಿಲ್ಲ ಕಣೋ. ಗೆದ್ದಿದ್ರೆ ನಿಮ್ಮಪ್ಪ ಮನೆ ಸೇರ್ತಿದ್ನಾ? ನಾಲ್ಕು ಮಕ್ಕಳನ್ನ ಕಟ್ಕೊಂಡು ನಾನೇನ್ ಮಾಡ್ಲಿ?”

“ಅಪ್ಪಂಗೆ ಗೊತ್ತಿತ್ತಾ?”

“ಆವತ್ತೇ ಹೇಳ್ಬಿಟ್ಟೆ. ಹೊಟ್ಟೇಲಿ ಇಟ್ಕೊಂಡ್ರೆ ಊಟ ಸೇರ್ಬೇಕಲ್ಲ. ನಕ್ಕ. ಹನ್ನೊಂದು ಜನ ಹಾಕಿದ್ದಾರಲ್ಲ, ಅದು ನಿಜ, ಸಾಕು ಅಂದ.” ಬಲಿತ ದಂಟೊಂದನ್ನು ಮುರಿದು ಬದಿಗಿಟ್ಟಳು. “ಸ್ಟೇಷನ್ನಲ್ಲಿ ಪ್ರಯಾಣಿಕರು ಕೇಳೋರು, ಎಲೆಕ್ಷನ್ನಿಗೆ ನಿಂತಿದ್ಯಂತಲ್ಲ, ಎಷ್ಟು ಬಿತ್ತು ಅಂತ. ಹನ್ನೊಂದು ಅನ್ನೋನು. ನಾನೇ ಹೇಳ್ತಿದ್ದೆ, ರೈಲು ಹತ್ತಿ ಹೋಗೋರು, ಎಣಿಸಕ್ಕೆ ಬರ್ತಾರಾ, ಐನೂರು ಅನ್ನು ಅಂತ. ಊಹೂಂ. ಸಾಯೋವರೆಗೂ ಹನ್ನೊಂದೇ.”

ವೆಂಕಟಸ್ವಾಮಿ ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟರು. ಅಪ್ಪನಿಗಾಗಿ ಒಂದು ಗೆಲುವನ್ನು ಕದ್ದೆ ಎಂದು, ಒಳಗೊಳಗೇ, ಅವರು ತಮಗೆ ತಾವು ಒಂದು ಸಮಾಧಾನ ಹೇಳಿಕೊಂಡಿದ್ದರು. ಈಗ ಅದೂ ಹೋಯಿತು.

“ಎದ್ದು ಎಲ್ಲಿಗೆ ಹೊರಟೆ? ಊಟ?”

“ಲತೀಫನ ಮನೆಗೆ ಹೋಗ್ಬರ್ತೀನಿ.”

ಪುಲಿಕೇಶಿನಗರದ ಮಾಸ್ಕ್ ರೋಡಿನ ಮಸೀದಿಯಲ್ಲಿ ಜುಮ್ಮಾ ನಮಾಜು ಮುಗಿಸಿದ ಜನ ಚದುರಿ ಆಗಲೇ ಬಹಳ ಹೊತ್ತಾಗಿತ್ತು. ಹೋಟೆಲುಗಳ ಮುಂದೆ ಸಂಜೆಯ ಕಬಾಬಿಗೆ ಕಲ್ಲಿದ್ದಲು ಸುರಿಯುತ್ತಿದ್ದರು. ಲತೀಫರ ಮನೆ ಪಕ್ಕದ ಗಲ್ಲಿಯ ಒಳಗೆ, ನಾಲ್ಕು ಮೆಟ್ಟಿಲು ಏರಿದರೆ ಹಸಿರು ಬಾಗಿಲು. ಜಹನಾರಾ ಮೆಟ್ಟಿಲ ಮೇಲೆ ಕುಳಿತು ಮಗಳ ಶಾಲೆಯ ಬೂಟಿಗೆ ಪಾಲಿಶ್ ಹಚ್ಚುತ್ತಿದ್ದಳು. ಅವರನ್ನು ಕಂಡು ಬ್ರಷ್ ನಿಲ್ಲಿಸಿದಳು. ಏಳಲಿಲ್ಲ. ಪಕ್ಕಕ್ಕೆ ಸರಿದು ಜಾಗ ಮಾಡಿದಳು.

“ಕೌನ್ ಆಯಾ ಗೇ?” ಒಳಗಿನಿಂದ ಅವಳ ತಾಯಿ ಇಮಾಮ್ ಬೀಯ ದನಿ.

“ವೆಂಕಟ್ ಮಾಮು, ಅಮ್ಮಾ.”

“ಚಾ ದೇ ಉನೋಕು!”

ವೆಂಕಟಸ್ವಾಮಿ ಕುಳಿತರು.

“ಅದು ಮೂರೇ, ಜಹನ್. ನಂಗೆ ಆವತ್ತೇ ಗೊತ್ತಿತ್ತು. ಮರುದಿನ ಕೂಡಿಸಿ ನೋಡಿದೆ.”

“ನಂಗೂ ಗೊತ್ತಿತ್ತು. ಮೂರು ಅಂತ್ಲೇ ಹೊಡೆದಿದ್ನಲ್ಲ.”

“ಮತ್ತೆ ಯಾಕೆ ತಿದ್ದಿದೆ?”

ಅವಳು ಅವರನ್ನು ವಿಚಿತ್ರವಾಗಿ ನೋಡಿದಳು. “ನೀವು ಎಂಟು ಅಂದ್ರಿ.”

ಬ್ರಷ್ ಮತ್ತೆ ಬೂಟಿನ ಮೇಲೆ ಓಡಿತು. “ಅಬ್ಬಾ ಹೇಳ್ತಿದ್ರು, ವೆಂಕಟ್ ಓದಿದ್ರೆ ಕುರಾನ್ ಮೇಲೆ ಕೈ ಇಡ್ಸೋದು ಬೇಡ ಅಂತ. ನನ್ನ ಕಣ್ಣೇ ತಪ್ಪು ಅಂದ್ಕೊಂಡೆ.”

“ಆ ಕೋಣೇಲಿ ನೀನು ಹೇಳ್ಬಹುದಿತ್ತು.”

“ಅದು ನಾನು ಹೇಳೋ ಮಾತಾ ಮಾಮು? ನೀವು ಹೇಳ್ತೀರ ಅಂತ ಕಾದೆ. ಬಾಯಾರಿಕೆ ಇಲ್ದೆ ನೀರು ಕುಡ್ದೆ. ಇನ್ನೆಷ್ಟು ಕುಡೀಲಿ, ಒಂದು ಬಾಟಲಿ ಪೂರ್ತಿ?”

“ತಪ್ಪಾಯ್ತು ತಾಯಿ. ನನ್ನ ಕ್ಷಮಿಸ್ಬಿಡು.”

“ಇಲ್ಲಿ ಹೇಳೋದು ಸುಲಭ ಅಲ್ವಾ?” ಅವಳ ದನಿ ಏರಲಿಲ್ಲ. “ನಮ್ಮ ಮೆಟ್ಟಿಲ ಮೇಲೆ ಲಾಗ್ ಇಲ್ಲ.”

ಗಲ್ಲಿಯಲ್ಲಿ ಒಂದು ಸ್ಕೂಟರು ಹಾದುಹೋಯಿತು. ಅದರ ಮೇಲಿದ್ದವನು ಜಹನಾರಾಳಿಗೆ ಸಲಾಮ್ ಹೇಳಿದ, ಅವಳು ಬ್ರಷ್ ಎತ್ತಿ ಉತ್ತರಿಸಿದಳು. ಆಮೇಲೆ ಒಳಗೆ ಹೋಗಿ ಎರಡು ಗಾಜಿನ ಲೋಟಗಳಲ್ಲಿ ಚಹಾ ತಂದಳು. ವೆಂಕಟಸ್ವಾಮಿ ಲೋಟ ತೆಗೆದುಕೊಂಡು, ಇನ್ನೊಂದು ಕೈಯಿಂದ ಕನ್ನಡಕ ಎತ್ತಿ ಕಣ್ಣೊರೆಸಿಕೊಂಡರು. ಅದನ್ನು ನೋಡಿ ಅವಳ ಮುಖ ಬದಲಾಯಿತು. ಸಿಟ್ಟು ಇಳಿದು, ಅಲ್ಲಿ ಅವರು ನೋಡಬಾರದಾಗಿದ್ದ ಕನಿಕರ ಬಂತು.

“ಹೋಗ್ಲಿ ಬಿಡಿ ಮಾಮು. ಅತ್ಕೊಂಡೇನೂ ಕೂರ್ಬೇಡಿ ಇಲ್ಲಿ, ಅಮ್ಮಾ ಗಾಬರಿ ಆಗ್ತಾಳೆ. ನಿಮಗೇನು, ಇನ್ನೊಂದೆರಡು ವರ್ಷ. ಆ ಗೋಡೆ ಮೇಲೆ ಹೆಸರಿಟ್ಕೊಂಡು ಮರ್ಯಾದೆಯಾಗಿ ಹೋಗ್ಬಿಡಿ. ನಾನು ಬೇರೆ ಎಲ್ಲಾದ್ರೂ ನೋಡ್ಕೋತೀನಿ. ಕೋಲ್ಸ್ ಪಾರ್ಕ್ ಹತ್ರ ಒಂದು ಸ್ಕೂಲಲ್ಲಿ ಆಫೀಸ್ ಕೆಲಸಕ್ಕೆ ಕರೀತಿದ್ದಾರಂತೆ.”

ಅದನ್ನು ಕೇಳಿದಾಗ ವೆಂಕಟಸ್ವಾಮಿಯವರ ಎದೆಯಲ್ಲಿ ಏನೋ ಸಡಿಲವಾಯಿತು. ನಾಲ್ಕು ದಿನಗಳಲ್ಲಿ ಮೊದಲ ಸಲ ಉಸಿರು ಪೂರ್ತಿ ಒಳಗೆ ಹೋಯಿತು. ಸರಿ, ಅವಳೇ ಬಿಟ್ಟಳು, ಅವಳಿಗೆ ಬೇರೆ ಕೆಲಸ ಸಿಗುತ್ತದೆ, ಮುಗಿಯಿತು. ಚಹಾ ಸಿಹಿಯಾಗಿತ್ತು. ಇನ್ನೊಂದು ಗುಟುಕು ಕುಡಿಯಲು ಲೋಟ ಎತ್ತಿದರು. ತಾನು ಇಲ್ಲಿಗೆ ಬಂದದ್ದೇ ಇದಕ್ಕೆ ಎಂದು ಅವರಿಗೆ ಆಗ ಹೊಳೆಯಿತು. ಹೇಳಲು ಬಂದದ್ದಲ್ಲ. ಅವಳ ಬಾಯಿಂದ ‘ಹೋಗ್ಲಿ ಬಿಡಿ’ ಎನಿಸಿಕೊಂಡು ಹೋಗಲು ಬಂದದ್ದು. ಲೋಟ ತುಟಿಯ ಹತ್ತಿರವೇ ನಿಂತಿತು.

“ಟೈಮೆಷ್ಟು?”

“ನಾಲ್ಕೂ ಹತ್ತು. ಯಾಕೆ? ಕೂತ್ಕೊಳ್ಳಿ, ಬಿಸ್ಕತ್ ತರ್ತೀನಿ. ಸ್ಕೂಲಿನವರು ಹಿಂದಿನ ಕಡೆ ಯಾಕೆ ಬಿಟ್ರಿ ಅಂತ ಕೇಳಿದ್ರೆ ಏನು ಹೇಳ್ಲಿ ಅಂತ ಯೋಚ್ನೆ ಮಾಡ್ತಿದ್ದೆ. ತಿದ್ದಿದ್ದಕ್ಕೆ ತೆಗೆದ್ರು ಅಂತ ಹೇಳಕ್ಕಾಗತ್ತಾ? ಮಗಳಿಗೆ ಹುಷಾರಿರ್ಲಿಲ್ಲ ಅಂತ ಹೇಳ್ಬಿಡೋಣ ಅಂದ್ರೆ, ಸುಳ್ಳು ಹೇಳಿ ಸೇರೋದು ನಂಗೆ—”

ಐದಕ್ಕೆ ಗುರುಕಿರಣನ ರಿಪೋರ್ಟು ಹೋಗುತ್ತದೆ. ವೆಂಕಟಸ್ವಾಮಿ ಲೋಟವನ್ನು ಮೆಟ್ಟಿಲ ಮೇಲಿಟ್ಟು ಎದ್ದರು. ಚಪ್ಪಲಿಯ ಒಂದು ಕಾಲು ಸರಿಯಾಗಿ ಸೇರಿರಲಿಲ್ಲ. ಹಾಗೇ ಎರಡು ಮೆಟ್ಟಿಲು ಇಳಿದು ಅಲ್ಲಿ ಹಾಕಿಕೊಂಡರು.

“ಅರೆ ಮಾಮು, ಚಾ ಅರ್ಧ ಇದೆ. ನಾನು ಹೇಳ್ತಿದ್ದಿದ್ದು ಏನಂದ್ರೆ, ಅಬ್ಬಾ ಇದ್ದಿದ್ರೆ—”

ಅವರು ತಿರುಗಲಿಲ್ಲ. ಗಲ್ಲಿಯ ಬಾಯಿಯಲ್ಲಿ, ಕಲ್ಲಿದ್ದಲಿನ ಹೊಗೆಯ ಪಕ್ಕದಲ್ಲಿ ನಿಂತಿದ್ದ ಆಟೋದ ಕಡೆ ಕೈಯೆತ್ತಿ, ಇಂದಿರಾನಗರ ಎಂದು ಗಟ್ಟಿಯಾಗಿ ಕೂಗುತ್ತ ನಡೆದರು.